ನಾಲ್ಕು ಗಂಟೆಯ ಫೋನ್

ವಕೀಲಳಾದ ಮೂರನೆಯ ವರ್ಷ ನನ್ನ ಕೈಗೆ ಕೊಲೆ ಕೇಸೊಂದು ಬಂತು. ನಾವು ನೆಲೆಸಿರುವ ಈ ಸ್ವಾಹಿಲಿ ನಾಡಿನ ನಗರದಲ್ಲಿ, ಸ್ಪ್ರಿಂಗ್ ವ್ಯಾಲಿ ಬಡಾವಣೆಯ ದೊಡ್ಡ ಮನೆಯೊಂದರಲ್ಲಿ ಕನ್ನಡದ ಹೆಂಗಸೊಬ್ಬರ ಕೊಲೆಯಾಗಿತ್ತು. ಆರೋಪಿ ಅವರ ಮನೆಗೆಲಸದವಳು. ಅವಳೇ ಕೊಂದಳೆಂದು ಟಿವಿಯವರೆಲ್ಲ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಸತ್ತವರು ಅಮ್ಮನ ಭಜನೆ ಗುಂಪಿನವರು.

"ಇಷ್ಟೊಂದು ಲಾಯರ್ಸ್ ಇದಾರೆ, ನೀನೇ ಯಾಕೆ ಅವಳ ಪರ ನಿಲ್ಬೇಕು?" ಎಂದಳು ಅಮ್ಮ.

"ಯಾರಾದ್ರೂ ನಿಲ್ಲಲೇಬೇಕಲ್ಲಮ್ಮಾ."

ಹಾಗೆಂದೆನೇ ಹೊರತು, ವಿಚಾರಣೆಗೆ ಹತ್ತು ದಿನ ಉಳಿದಾಗ ನನಗೆ ಊಟ ಸೇರುತ್ತಿರಲಿಲ್ಲ. ನಗರದ ನಡುವೆ, ಸಿಬಿಡಿಯ ಆಫೀಸಿನಲ್ಲಿ ಕೂತು ಓದಿದ್ದನ್ನೇ ಓದುತ್ತಿದ್ದೆ. ಕೊಲೆಯಾದ ದಿನ ಆ ಕೆಲಸದವಳು ನಾಲ್ಕು ಗಂಟೆಗೆ ಹೊರಟಳೆಂದು ಗೇಟಿನ ಕಾವಲುಗಾರ ಪುಸ್ತಕದಲ್ಲಿ ಬರೆದಿದ್ದ. ಕೊಂದ ಮೇಲೇ ಹೊರಟಳು ಎಂಬುದು ಪೊಲೀಸರ ವಾದ. ಆದರೆ ಜೈಲಿನಲ್ಲಿ ಅವಳು ಸ್ವಾಹಿಲಿಯಲ್ಲಿ ಮತ್ತೆ ಮತ್ತೆ ಒಂದೇ ಮಾತು ಹೇಳಿದಳು: ತಾನು ಹೊರಡುವಾಗ 'ಮಾಮಾ', ಅಂದರೆ ಮನೆಯೊಡತಿ, ಫೋನಿನಲ್ಲಿ ನಗುತ್ತಿದ್ದರು, ನಿಮ್ಮವರ ಭಾಷೆಯಲ್ಲಿ. ಸತ್ತವರ ಫೋನು ಮಾತ್ರ ಯಾರಿಗೂ ಸಿಕ್ಕಿರಲಿಲ್ಲ.

ಅಂದು ಸಂಜೆ ಕಿಲೆಲೆಶ್ವಾದ ನಮ್ಮ ಫ್ಲ್ಯಾಟಿನಲ್ಲಿ ಅಮ್ಮ ಸುಕುಮಾ ಸೊಪ್ಪು ಹೆಚ್ಚುತ್ತಿದ್ದಳು.

"ಅಮ್ಮಾ, ಆ ಆಂಟಿ ಕೊಲೆಯಾದ ದಿನ ನಾಲ್ಕು ಗಂಟೆ ಹೊತ್ತಿಗೆ ಅವರು ಯಾರ ಜೊತೆ ಮಾತಾಡಿರಬಹುದು?"

ಚಾಕು ನಿಂತಿತು. "ನನ್ ಜೊತೇನೇ ಕಣೇ."

ಕೈ ಒರೆಸಿಕೊಂಡು ಫೋನು ತಂದು ತೋರಿಸಿದಳು. ಮೂರು ಐವತ್ತಕ್ಕೆ ಬಂದ ವಾಟ್ಸಾಪ್ ಕರೆ, ಮೂವತ್ತೊಂದು ನಿಮಿಷ. ಅಂದರೆ ಕೆಲಸದವಳು ಗೇಟು ದಾಟಿದ ಮೇಲೂ ಆಂಟಿ ಬದುಕಿದ್ದರು.

"ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಭಯ ಆಯ್ತು. ನಿಮ್ಮಪ್ಪಂದು ವರ್ಕ್ ಪರ್ಮಿಟ್ ರಿನ್ಯೂವಲ್ ಬೇರೆ ಇತ್ತು. ಎಲ್ರೂ ಅವಳೇ ಅಂದ್ರು, ಸುಮ್ನಾಗ್ಬಿಟ್ಟೆ."

ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮಗಳು ಹೇಳಿಕೊಟ್ಟ ಸಾಕ್ಷಿ ಎಂದು ಕೋರ್ಟು ತಳ್ಳಿಹಾಕಿದರೆ? ಮರುದಿನ ಬೆಳಿಗ್ಗೆ ನಮ್ಮ ಸೀನಿಯರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕಡತವನ್ನು ತಮ್ಮ ಕಡೆಗೆಳೆದುಕೊಂಡು, ನಿನ್ನ ಅಮ್ಮನೇ ಸಾಕ್ಷಿ, ಇನ್ನು ನೀನು ಈ ಕೇಸನ್ನು ಮುಟ್ಟುವಂತಿಲ್ಲ ಎಂದರು.

ಅಮ್ಮ ಸಾಕ್ಷಿ ಹೇಳಿದ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮಗಳಿಗೋಸ್ಕರ ಸುಳ್ಳು ಹೇಳುತ್ತಿದ್ದೀರಾ ಎಂದು ಸರ್ಕಾರಿ ವಕೀಲರು ಕೇಳಿದರು. ಅಮ್ಮ ಕನ್ನಡದಲ್ಲೇ ಉತ್ತರಿಸಿದಳು. "ಮಗಳಿಗೋಸ್ಕರ ಆಗಿದ್ರೆ ಬಾಯೇ ಬಿಡ್ತಿರ್ಲಿಲ್ಲ. ಅವಳ ಕೈಯಿಂದ ಕೇಸು ಹೋಗಿದ್ದೇ ನನ್ನಿಂದ." ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ, ನ್ಯಾಯಾಧೀಶರು ಬರೆದುಕೊಂಡರು.

ಕೆಲವು ವಾರಗಳ ನಂತರ ಆ ಕೆಲಸದವಳ ಬಿಡುಗಡೆಯಾಯಿತು. ಕೋರ್ಟಿನ ಮೆಟ್ಟಿಲ ಮೇಲೆ ಅಮ್ಮನ ಕೈ ಹಿಡಿದು 'ಅಸಾಂಟೆ' ಎಂದು ಥ್ಯಾಂಕ್ಸ್ ಹೇಳಿದಳು. ಇಷ್ಟು ತಿಂಗಳು ನಿನ್ನನ್ನು ಒಳಗೆ ಕೂರಿಸಿದ್ದಕ್ಕೆ ಕ್ಷಮಿಸು ಎಂದು ಅಮ್ಮ ಅತ್ತಳು. ಅವಳು ಕೈ ಬಿಡಿಸಿಕೊಂಡು ಮಟಾಟು ವ್ಯಾನು ಹತ್ತಿ ಹೋದಳು.

ಕೊಂದವರು ಯಾರೆಂದು ಇನ್ನೂ ಗೊತ್ತಾಗಿಲ್ಲ. ಭಜನೆ ಗುಂಪಿನ ಕೆಲವರು ಅಮ್ಮನನ್ನು ಮಾತಾಡಿಸುವುದನ್ನೇ ಬಿಟ್ಟಿದ್ದಾರೆ.