ಗೂಬೆಗೆ ಎರಡೂ ಎಡರೆಕ್ಕೆ

ಬಟ್ಟೆ ಕಾರ್ಖಾನೆಯ ಮೂರನೇ ಸಾಲಿನಲ್ಲಿ ಅವಳ ಹೆಸರು ಎಡತೋಳು. ಅಂಗಿಯ ಎಡತೋಳನ್ನು ಹೆಗಲಿಗೆ ಕೂಡಿಸುವುದು ಅವಳ ಕೆಲಸ, ಹಾಗಾಗಿ ಆ ಹೆಸರು. ಅವಳ ಮುಂದೆ ಕೂರುವವಳು ಕಾಲರು, ಹಿಂದೆ ಕೂರುವವಳು ಬಲತೋಳು, ಅದಕ್ಕೂ ಹಿಂದೆ ಕಾಜ, ಗುಂಡಿ. ಹೆತ್ತವರು ಇಟ್ಟ ಹೆಸರುಗಳು ಗೇಟಿನ ಹಾಜರಿ ಪುಸ್ತಕದಲ್ಲಿ ಭದ್ರವಾಗಿದ್ದವು. ಒಳಗೆ ಅವುಗಳಿಗೆ ಕೆಲಸವಿರಲಿಲ್ಲ.

ಗಂಟೆಗೆ ಎಪ್ಪತ್ತು ತೋಳು ಕೂಡಿಸಬೇಕು. ಅರವತ್ತೊಂಬತ್ತಾದರೆ ಸೂಪರ್‌ವೈಸರನ ಬಾಯಲ್ಲಿ ಅವಳ ವಂಶವೆಲ್ಲ ಒಮ್ಮೆ ಹೋಗಿಬರುತ್ತಿತ್ತು. ಬಲಕ್ಕೋ ಹಿಂದಕ್ಕೋ ಕತ್ತು ತಿರುಗಿಸಿದರೂ ಬೈಗುಳ. ಹೀಗೆ ಹದಿನೆಂಟು ವರ್ಷ. ಒಮ್ಮೆ ಪೇಟೆಯ ದೊಡ್ಡ ಅಂಗಡಿಯೊಂದರ ಗಾಜಿನಾಚೆ ಅವರದೇ ಕಾರ್ಖಾನೆಯ ಅಂಗಿಯನ್ನು ಗೊಂಬೆಗೆ ತೊಡಿಸಿದ್ದು ಕಂಡು ಅವಳು ನಿಂತಳು. ಕಣ್ಣು ನೇರ ಎಡಹೆಗಲಿಗೆ ಹೋಯಿತು. ಹೊಲಿಗೆ ಚೆನ್ನಾಗಿತ್ತು. ಉಳಿದ ಅಂಗಿ ಹೇಗಿತ್ತು ಎಂದು ಮನೆಗೆ ಬಂದ ಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕಾರ್ಖಾನೆಗೆ ಬೇಕಾಗಿದ್ದದ್ದು ಒಂದು ತೋಳು ಮಾತ್ರ. ಅದರ ಹಿಂದೆ ಒಬ್ಬ ಹೆಂಗಸೂ ಬಂದುಬಿಟ್ಟಿದ್ದಳು, ಅದೊಂದು ತೊಂದರೆ.

ಮನೆಯಲ್ಲಿ ಮಾತ್ರ ಅವಳು ಟೈಲರು. ಮದುವೆಯ ಮಾತುಕತೆಯಲ್ಲಿ ಅವಳ ಅಪ್ಪ, "ಹುಡುಗಿಗೆ ಹೊಲಿಗೆ ನೀರು ಕುಡಿದಷ್ಟು ಸಲೀಸು" ಎಂದು ಒಂದು ಮಾತು ಹಾಕಿದ್ದ. ಅತ್ತೆ ಅದನ್ನು ಬೀದಿಗೆಲ್ಲ ಹಂಚಿದ್ದರು. ಸೊಸೆಗೆಂದೇ ಒಂದು ತುಳಿಯುವ ಮೆಷಿನ್ನನ್ನೂ ತಂದಿಟ್ಟಿದ್ದರು. ಅದರ ಮೇಲೆ ಈಗ ಮಡಿಸಿದ ಬಟ್ಟೆಯ ರಾಶಿ. ಯಾರಾದರೂ ಲಂಗವೋ ಜುಬ್ಬವೋ ಹಿಡಿದು ಬಂದರೆ ಅತ್ತೆಯೇ ಅಡ್ಡ ನಿಲ್ಲುತ್ತಿದ್ದರು. "ದಿನವಿಡೀ ಹೊಲಿದು ಬಂದಿರ್ತಾಳೆ, ಮನೇಲೂ ಹೊಲಿ ಅಂದ್ರೆ ಹೇಗೆ?" ಸೊಸೆ ಒಳಗಿಂದಲೇ ಆ ಮಾತು ಕೇಳಿ ಉಸಿರು ಬಿಡುತ್ತಿದ್ದಳು. ಹರಿದದ್ದಕ್ಕೆ ತೇಪೆ, ಉದ್ದವಾದದ್ದಕ್ಕೆ ಮಡಿಕೆ, ಇಷ್ಟರಲ್ಲೇ ಹದಿನೆಂಟು ವರ್ಷ ತಿಪ್ಪೆ ಸಾರಿಸಿದ್ದಳು. ಸುಳ್ಳು ಅಪ್ಪನದು. ಅದಕ್ಕೆ ನೀರೆರೆದು ಬೆಳೆಸಿದವಳು ತಾನು ಎಂಬುದು ಅವಳಿಗೆ ಗೊತ್ತಿತ್ತು.

ಅಂಥ ಅತ್ತೆಗೆ ಅರವತ್ತೇಳನೇ ವಯಸ್ಸಿನಲ್ಲಿ ನಾಟಕದ ಪಾತ್ರ ಸಿಕ್ಕಿತು.

"ಸಿಕ್ತು ಕಣೇ!" ಎಂದು ಭಾನುವಾರ ಬೆಳಿಗ್ಗೆ ಅತ್ತೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು. "ವಾಚನಾಲಯದ ನಾಟಕದಲ್ಲಿ ಪಾರ್ಟು. ಕಾಡಿನ ನ್ಯಾಯಾಧೀಶೆ."

"ಅಯ್ಯೋ, ಎಷ್ಟು ಒಳ್ಳೇದಾಯ್ತು ಅತ್ತೆ! ಹುಲಿನಾ, ಸಿಂಹನಾ?"

ಅತ್ತೆ ಆಗ ಚಪ್ಪಲಿ ಬಿಡತೊಡಗಿದರು. "ಗೂಬೆ."

ಸೊಸೆ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು.

"ನಗು, ನಗು. ಹದಿನಾರು ವರ್ಷದವಳಾಗಿದ್ದಾಗ ರಾಜಕುಮಾರಿ ಪಾರ್ಟು ಕೊಡ್ತೀನಿ ಅಂದಿದ್ರು. ನಮ್ಮಪ್ಪ ದೊಣ್ಣೆ ತಗೊಂಡ. ಈಗ ದೊಣ್ಣೆ ಹಿಡಿಯೋರು ಯಾರೂ ಇಲ್ಲ, ರಾಜಕುಮಾರಿ ವಯಸ್ಸೂ ಇಲ್ಲ. ಗೂಬೆ ಆದ್ರೆ ಗೂಬೆ. ಆದ್ರೆ ಒಂದು ವಿಷಯ. ವೇಷ ನಾವೇ ಹೊಲಿಸ್ಕೋಬೇಕಂತೆ. ಮುಂದಿನ ಭಾನುವಾರ ಎಲ್ರೂ ವೇಷ ಹಾಕ್ಕೊಂಡೇ ಬರ್ಬೇಕು ಅಂದ್ರು ನಾಟಕದ ಮೇಷ್ಟ್ರು. ಇಲ್ಲದಿದ್ರೆ ಪಾರ್ಟು ರಿಟೈರಾದ ಹೆಡ್‌ಮೇಡಮ್ಮಿಗೆ. ಅವಳು ಆಗಲೇ ಎಲ್ಲಿಂದಲೋ ರೆಕ್ಕೆ ತಂದಿಟ್ಕೊಂಡು ಕಾಯ್ತಾ ಇದ್ದಾಳೆ, ಹದ್ದಿನ ಹಾಗೆ."

"ಹೊಲಿಸೋದಾ? ಯಾರ ಹತ್ರ?"

ಅತ್ತೆ ಅವಳನ್ನು ವಿಚಿತ್ರವಾಗಿ ನೋಡಿದರು. "ಯಾರ ಹತ್ರ ಅಂದ್ರೆ? ಮನೇಲಿ ಬಾವಿ ಇಟ್ಕೊಂಡು ಪಕ್ಕದ ಮನೇಲಿ ನೀರು ಕೇಳ್ತಾರೇನೇ?"

ಆಗಲೇ ಹೇಳಿಬಿಡಬಹುದಿತ್ತು. ಅತ್ತೆ ಅಷ್ಟರಲ್ಲಿ ಮಂಚದ ಕೆಳಗಿನ ಟ್ರಂಕನ್ನು ಎಳೆಯುತ್ತಿದ್ದರು. ಅದರೊಳಗೆ ಮಡಿಸಿಟ್ಟಿದ್ದ ಕಂದು ಮಖಮಲ್ಲು. ಮಾವ ಗೇಟು ಕಾಯುತ್ತಿದ್ದ ಟಾಕೀಸು ಮುಚ್ಚಿದ ದಿನ ಕೆಲಸದವರೆಲ್ಲ ಬೆಳ್ಳಿತೆರೆಯ ಮುಂದಿನ ಪರದೆಯನ್ನು ಹರಿದು ಹಂಚಿಕೊಂಡಿದ್ದರಂತೆ, ಅದರಲ್ಲಿ ಮಾವನ ಪಾಲು. ಮಾವ ತೀರಿಕೊಂಡು ಒಂಬತ್ತು ವರ್ಷವಾದರೂ ಅದಕ್ಕೆ ಕತ್ತರಿ ಬಿದ್ದಿರಲಿಲ್ಲ. "ಇದರ ಮುಂದೆ ನಿಂತು ಎಷ್ಟು ಜನ ಕೈ ತಟ್ಟಿದಾರೋ" ಎಂದು ಅತ್ತೆ ಅದನ್ನು ಸವರಿದರು. "ಬೆಕ್ಕಿನ ಮೈ ಇದ್ದ ಹಾಗೆ, ಒಂದೇ ಕಡೆಗೆ ಸವರ್ಬೇಕು. ಎದುರು ಸವರಿದ್ರೆ ಬಣ್ಣಾನೇ ಬೇರೆ ಆಗತ್ತೆ."

ಸೊಸೆಯ ಬಾಯಿಗೆ ಬಂದ ಮಾತು ಹಾಗೇ ಕೆಳಗಿಳಿಯಿತು. ಗಂಡನಾದರೂ ಇದ್ದಿದ್ದರೆ ಅವನ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು. ಅವನು ಲಾರಿ ಹತ್ತಿ ಹೋದರೆ ಹತ್ತು ದಿನ ಪತ್ತೆಯಿಲ್ಲದವನು.

ಮಧ್ಯಾಹ್ನ ಹಾಲಿನ ನೆಲ ಒರೆಸಿ ಮಖಮಲ್ಲು ಹಾಸಿದಳು. ಹಳೆ ಪತ್ರಿಕೆಗಳನ್ನು ಅಂಟಿಸಿ ರೆಕ್ಕೆಯ ಅಚ್ಚು ಮಾಡಿದ್ದಳು: ಮೇಲಂಚು ನೇರ, ಕೆಳಗಂಚು ಹೆಗಲ ಬಳಿ ಅಗಲವಾಗಿ ಬೆರಳ ಕಡೆಗೆ ಚೂಪಾಗುವಂತೆ. ಕಾರ್ಖಾನೆಯ ಕತ್ತರಿಸುವ ಮೇಜನ್ನು ಅವಳು ಬಾಗಿಲಿಂದ ಎಷ್ಟೋ ಸಲ ನೋಡಿದ್ದಳು. ಬಟ್ಟೆಯ ಮೇಲೆ ಬಟ್ಟೆ, ಎಲ್ಲವೂ ಮುಖ ಮೇಲೆ, ಒಂದೇ ಏಟಿಗೆ ನೂರು ತುಂಡು. ಹಾಗೆಯೇ ಮಖಮಲ್ಲನ್ನು ಎರಡು ತುಂಡು ಮಾಡಿ, ಎರಡರ ಮುಖವನ್ನೂ ಮೇಲಕ್ಕಿಟ್ಟು ಒಂದರ ಮೇಲೊಂದು ಹಾಸಿ, ಅಚ್ಚಿಟ್ಟು ಕತ್ತರಿಸಿದಳು. ಕತ್ತರಿ ಕರಕರ ಸಾಗಿತು. ಇಷ್ಟೇನಾ ಅನ್ನಿಸಿತು. ಉಳಿದದ್ದರಲ್ಲಿ ಮೈಯಂಗಿ, ತಲೆಯ ಟೋಪಿ. ಕೊನೆಗೆ ಮಿಕ್ಕಿದ್ದು ಒಂದು ಮುಷ್ಟಿ ಚೂರು.

ಗರಿಗಳ ಕೆಲಸ ಅತ್ತೆಯದು. ಹಳೆಯ ಹಾಸಿಗೆ ಚಾದರ, ಮಾವನ ಕೋಟಿನ ಒಳಬಟ್ಟೆ, ಬೂದು ಕಂಬಳಿ ಎಲ್ಲವನ್ನೂ ವೀಳ್ಯದೆಲೆಯ ಆಕಾರಕ್ಕೆ ಕತ್ತರಿಸಿ ಬುಟ್ಟಿ ತುಂಬಿಸಿದರು. ಸೋಮವಾರ ಸಂಜೆ ಸೊಸೆ ಮೇಲಿನ ಸಾಲಿನಿಂದ ಗರಿ ಹೊಲಿಯುತ್ತ ಬಂದಳು. ಎರಡನೇ ಸಾಲು ಹೊಲಿದಾಗ ಮೊದಲ ಸಾಲಿನ ಗರಿಗಳು ಬಟ್ಟೆ ಒತ್ತಿಹಿಡಿಯುವ ಮೆಷಿನ್ನಿನ ಕಾಲಿಗೆ ಸಿಕ್ಕಿ ಮುದ್ದೆಯಾದವು.

"ಹೆಂಚು ಹೊದಿಸೋರು ಎಲ್ಲಿಂದ ಶುರು ಮಾಡ್ತಾರೆ?" ಎಂದರು ಅತ್ತೆ, ಕತ್ತರಿಯಿಂದ ತಲೆಯೆತ್ತದೆ.

"ಕೆಳಗಿಂದ."

"ಹೂಂ."

ಸೊಸೆ ಹೊಲಿಗೆ ಬಿಚ್ಚಿದಳು. ಮಂಗಳವಾರ, ಬುಧವಾರ ಕೆಳಗಿನಿಂದ ಮೇಲಕ್ಕೆ ಹೊಲಿದಳು. ಆ ವೇಳೆಗೆ ಸೂಜಿ ಮೂರು ಮುರಿದಿದ್ದವು. ಅತ್ತೆ ಅಡುಗೆಮನೆಯಲ್ಲಿ ಸೌಟು ಎತ್ತಿ ತೀರ್ಪು ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದರು: "ಕಾಡಿನ ಪ್ರಾಣಿಗಳೇ ಕೇಳಿ! ತಪ್ಪು ಯಾರದು ಎಂದು ನಾನು ಹೇಳುತ್ತೇನೆ!" ಆ ಮಾತಿಗೆ ಗೂಬೆ ತನ್ನ ಬಲರೆಕ್ಕೆಯನ್ನು ಎತ್ತಬೇಕು. ನಾಟಕ ನಿಂತಿದ್ದೇ ಆ ಒಂದು ರೆಕ್ಕೆಯ ಮೇಲೆ.

ಗುರುವಾರ ಸಂಜೆ ಅತ್ತೆಗೆ ಮೈಯಂಗಿ ತೊಡಿಸಿ, ರೆಕ್ಕೆಗಳನ್ನು ಪಿನ್ನು ಸಿಕ್ಕಿಸಿ ನೋಡಲು ಹೊರಟಳು. ಎಡರೆಕ್ಕೆ ಹೆಗಲಿಗೆ ಹೇಳಿ ಮಾಡಿಸಿದಂತೆ ಕೂತಿತು. ಬಲರೆಕ್ಕೆ ಹಿಡಿದಳು. ಚೂಪು ತುದಿ ಬೆರಳ ಕಡೆಗೆ ಬರುವ ಬದಲು ಕುತ್ತಿಗೆಯ ಕಡೆಗೆ ಬಂತು. ತಿರುಗಿಸಿದಳು, ನೇರವಾದ ಮೇಲಂಚು ಕೆಳಗಾಯಿತು. ಮಗುಚಿದಳು, ಮಖಮಲ್ಲಿನ ಬೋಳು ಬೆನ್ನು ಮೇಲೆ ಬಂದು ಗರಿಗಳೆಲ್ಲ ಒಳಗೆ ಹೋದವು. ಅತ್ತೆ ಕೈ ಚಾಚಿಕೊಂಡೇ ನಿಂತಿದ್ದರು. ಎರಡನ್ನೂ ನೆಲದ ಮೇಲೆ ಹಾಸಿ ನೋಡಿದಳು. ಎರಡೂ ಎಡ. ಒಂದೇ ತಾಯಿಯ ಅವಳಿ ಮಕ್ಕಳ ಹಾಗೆ ಎರಡೂ ಎಡ.

ಬಟ್ಟೆಯನ್ನು ಮುಖಕ್ಕೆ ಮುಖ ಮಾಡಿ ಮಡಿಸಿ ಕತ್ತರಿಸಿದ್ದರೆ ಒಂದು ಎಡ, ಒಂದು ಬಲ ತಾನಾಗಿ ಬರುತ್ತಿತ್ತು. ಯಾವ ಬೀದಿಯ ಟೈಲರಿಗೂ ಮೊದಲ ವಾರ ಹೇಳಿಕೊಡುವ ಪಾಠ. ಅವಳಿಗೆ ಅದನ್ನು ಹೇಳಿಕೊಡುವ ಅಗತ್ಯ ಹದಿನೆಂಟು ವರ್ಷ ಯಾರಿಗೂ ಬಿದ್ದಿರಲಿಲ್ಲ.

"ಏನಾಯ್ತೇ? ಮೆಷಿನ್ನು ಸರಿ ಇಲ್ವಾ?"

ಹೂಂ ಅಂದುಬಿಡಬಹುದಿತ್ತು. ಮೆಷಿನ್ನಿನ ತಲೆಯ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಅವಳು ನೆಲದ ಮೇಲೆಯೇ ಕೂತಳು.

"ನಂಗೆ ಹೊಲಿಯೋಕೆ ಬರಲ್ಲ ಅತ್ತೆ."

"ಹದಿನೆಂಟು ವರ್ಷದಿಂದ ಮತ್ತೇನು ಮಾಡ್ತಿದ್ದೆ ಅಲ್ಲಿ?"

"ಎಡತೋಳು."

"ಹಾಂ?"

"ಬರೀ ಎಡತೋಳು. ಯಾರೋ ಕತ್ತರಿಸಿರ್ತಾರೆ, ಯಾರೋ ಹೆಗಲು ಕೂಡಿಸಿರ್ತಾರೆ, ನಾನು ಎಡತೋಳು ಕೂಡಿಸಿ ಹಿಂದಕ್ಕೆ ತಳ್ತೀನಿ. ಒಂದು ಇಡೀ ಅಂಗಿ ನಾನು ಯಾವತ್ತೂ ಹೊಲಿದಿಲ್ಲ."

ಅತ್ತೆ ತೊಟ್ಟಿದ್ದ ಒಂದೇ ರೆಕ್ಕೆಯನ್ನು ಒಮ್ಮೆ ಸವರಿದರು. ಆಮೇಲೆ ಅದನ್ನು ಬಿಚ್ಚಿ ಮಂಚದ ಮೇಲಿಟ್ಟರು. "ನಾನು ಬೀದಿಗೆಲ್ಲ ಹೇಳ್ಕೊಂಡು ಬಂದೆನಲ್ಲೇ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಸಂಜೆ ಅಡುಗೆಮನೆಯಲ್ಲಿ ಕಾಡಿನ ಪ್ರಾಣಿಗಳನ್ನು ಯಾರೂ ಕರೆಯಲಿಲ್ಲ.

ಬೆಳಿಗ್ಗೆ ಊಟದ ಡಬ್ಬಿ ಕೈಗೆ ಕೊಡುವಾಗ ಅತ್ತೆ ಅವಳ ಮುಖ ನೋಡಲಿಲ್ಲ, ಡಬ್ಬಿಯ ಮುಚ್ಚಳ ನೋಡುತ್ತ ಹೇಳಿದರು: "ನಮ್ಮಪ್ಪಾನೂ ನಂಗೆ ಅಡುಗೆ ಬರತ್ತೆ ಅಂತಾನೇ ಹೇಳಿ ಮದುವೆ ಮಾಡಿದ್ದ. ನಿಮ್ಮಾವ ಒಂದು ವರ್ಷ ಸುಟ್ಟಿದ್ದು ತಿಂದ್ರು, ಪಾಪ. ಬಲತೋಳು ಹೊಲಿಯೋಳು ಒಬ್ಬಳು ಇರ್ಬೇಕಲ್ಲ ಅಲ್ಲಿ?"

ಇದ್ದಳು. ಹನ್ನೊಂದು ವರ್ಷದಿಂದ ಬೆನ್ನ ಹಿಂದೆಯೇ ಇದ್ದಳು. ಅವಳ ಕೆಮ್ಮು, ಅವಳ ನಿಟ್ಟುಸಿರು, ಅವಳ ಮೆಷಿನ್ನಿನ ಸದ್ದು ಎಲ್ಲ ಪರಿಚಯ. ಮುಖವನ್ನು ನೋಡುವುದು ಊಟದ ಅರ್ಧ ಗಂಟೆಯಲ್ಲಿ ಮಾತ್ರ. ಆ ಅರ್ಧ ಗಂಟೆಯಲ್ಲಿ ಸೊಸೆ ವಿಷಯವೆಲ್ಲ ಹೇಳಿದಳು.

ಬಲತೋಳು ತುತ್ತು ಕೈಯಲ್ಲೇ ಹಿಡಿದು ನಕ್ಕಳು. "ಎರಡೂ ಎಡಾನಾ? ನಾನಾಗಿದ್ರೆ ಎರಡೂ ಬಲ ಮಾಡ್ತಿದ್ದೆ ಬಿಡು. ನಂಗೂ ಅದು ಬಿಟ್ಟು ಬೇರೇನೂ ಬರಲ್ಲ ಕಣೇ."

"ನಂಗೆ ಬೇಕಾಗಿರೋದೂ ಅದೊಂದೇ."

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಇಬ್ಬರೂ ಮನೆಗೆ ಬಂದರು. ಬಲತೋಳು ರೆಕ್ಕೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಗರಿಸಾಲು ನೋಡಿ ತಲೆದೂಗಿದಳು. ಮಿಕ್ಕ ಬಟ್ಟೆ ಕೇಳಿದಾಗ ಅತ್ತೆ ಆ ಒಂದು ಮುಷ್ಟಿ ಚೂರನ್ನು ತಂದಿಟ್ಟರು. ಮೂವರೂ ಅದನ್ನು ಸುತ್ತುವರಿದು ಕೂತರು.

"ಇದರಲ್ಲಿ ಗೂಬೆಮರಿಗೂ ಆಗಲ್ಲ" ಎಂದಳು ಬಲತೋಳು.

"ಹೆಡ್‌ಮೇಡಮ್ಮಿಗೆ ಹೇಳಿ ಕಳಿಸ್ತೀನಿ" ಎಂದು ಅತ್ತೆ ಎದ್ದರು. ಸಿಟ್ಟಿನಿಂದಲ್ಲ, ಬಹಳ ಮೆತ್ತಗೆ. ಹದಿನಾರನೇ ವಯಸ್ಸಿನಲ್ಲೂ ಹೀಗೇ ಎದ್ದಿರಬೇಕು.

"ಕೂತ್ಕೊಳ್ಳಿ ಅತ್ತೆ" ಎಂದಳು ಸೊಸೆ. ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಅವಳು ಹಿಂದೆಂದೂ ಹೇಳಿರಲಿಲ್ಲ.

ಅವಳು ಎರಡನೇ ರೆಕ್ಕೆಯ ಗರಿಗಳನ್ನು ಬಿಚ್ಚಿ ಬರೀ ಮಖಮಲ್ಲನ್ನು ನೆಲದ ಮೇಲೆ ಹಾಸಿದಳು. ಸೀಮೆಸುಣ್ಣ ತೆಗೆದುಕೊಂಡು ಹೆಗಲಿಂದ ತುದಿಯವರೆಗೆ ಸಾಲಾಗಿ, ಮೇಲಂಚಿಂದ ಕೆಳಗಂಚಿಗೆ ಗೆರೆ ಎಳೆದು ಆರು ಪಟ್ಟಿ ಮಾಡಿದಳು. ಕಾರ್ಖಾನೆಯ ತುಂಡುಗಳ ಮೇಲೆ ನಂಬರ್ ಚೀಟಿ ಇರುವ ಹಾಗೆ ಪ್ರತಿಯೊಂದರ ಹಿಂದೆ ಬರೆದಳು: ಒಂದು, ಎರಡು, ಮೂರು. ಕತ್ತರಿಸಿದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಪಟ್ಟಿಗಳನ್ನು ಹಿಂದುಮುಂದಾಗಿ ಜೋಡಿಸಿದಳು: ಆರು, ಐದು, ನಾಲ್ಕು. ಮುಖ ಮೇಲೆಯೇ ಇತ್ತು, ಮಖಮಲ್ಲಿನ ರೋಮವೂ ಕೆಳಮುಖವಾಗಿಯೇ ಇತ್ತು. ಅಗಲದ ಪಟ್ಟಿ ಈ ಕಡೆ ಬಂತು, ಚೂಪಿನ ಪಟ್ಟಿ ಆ ಕಡೆ ಹೋಯಿತು. ಕೆಳಗಂಚು ಮಾತ್ರ ಮೆಟ್ಟಿಲು ಮೆಟ್ಟಿಲಾಗಿತ್ತು.

"ಬಲ ಆಯ್ತಲ್ಲೇ!" ಎಂದಳು ಬಲತೋಳು.

"ಮೆಟ್ಟಿಲು ಗರಿ ಕೆಳಗೆ ಮುಚ್ಚಿಹೋಗತ್ತೆ. ಹೊಲಿಗೆಗೆ ಹೋಗೋ ಬಟ್ಟೆಯಿಂದ ಐದಾರು ಬೆರಳು ಗಿಡ್ಡ ಆಗತ್ತೆ. ಆಗಲಿ."

ಮೆಷಿನ್ನು ಒಂದೇ. ಪಟ್ಟಿ ಕೂಡಿಸುವಾಗ, ಗರಿ ಹೊಲಿಯುವಾಗ ಸರದಿಯ ಮೇಲೆ ಕೂತರು. ಕೊನೆಗೆ ಮೈಯಂಗಿಗೆ ರೆಕ್ಕೆ ಸೇರಿಸುವ ಹೊತ್ತು ಬಂತು. ಸೊಸೆ ಕೂತು ಎಡರೆಕ್ಕೆ ಕೂಡಿಸಿದಳು. ದಾರ ಕತ್ತರಿಸಿ, ಅಭ್ಯಾಸ ಬಲದಿಂದ ವೇಷವನ್ನು ಹೆಗಲ ಮೇಲಿಂದ ಹಿಂದಕ್ಕೆ ತಳ್ಳಿದಳು. ಹಿಂದೆ ಬಲತೋಳು ನಿಂತಿದ್ದಳು, ಹಿಡಿದುಕೊಂಡಳು. ಇವಳು ಎದ್ದಳು, ಅವಳು ಕೂತಳು. ಈ ಸಲ ಸೊಸೆ ಪಕ್ಕದಲ್ಲಿ ನಿಂತು ಪೂರ್ತಿ ನೋಡಿದಳು. ಬಲತೋಳು ಹೊಲಿಗೆಯನ್ನು ಕಂಕುಳಿಂದ ಶುರು ಮಾಡುತ್ತಾಳೆ, ತಾನು ಹೆಗಲ ನೆತ್ತಿಯಿಂದ. ಇಷ್ಟು ವರ್ಷ ಒಂದೇ ಅಂಗಿಯ ಎರಡು ತೋಳುಗಳನ್ನು ಅವರಿಬ್ಬರೂ ಎರಡು ತೆರದಲ್ಲಿ ಹೊಲಿದಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ.

ವೇಷ ಹೊತ್ತ ಅತ್ತೆ ಕನ್ನಡಿಯ ಮುಂದೆ ನಿಂತರು. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ" ಎಂದು ಗೊಣಗಿದರು. ಬಲರೆಕ್ಕೆ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಬಿಚ್ಚಿ ಎಂದರೆ ಕೇಳಲಿಲ್ಲ. ಆ ವೇಷದಲ್ಲೇ ಇಬ್ಬರಿಗೂ ಟೀ ಮಾಡಿ ಕೊಟ್ಟರು.

ಭಾನುವಾರ ವಾಚನಾಲಯದ ಹಜಾರದಲ್ಲಿ ಮೇಷ್ಟ್ರು ಗೂಬೆಯ ಸುತ್ತ ಎರಡು ಸುತ್ತು ಬಂದರು. ಹೆಡ್‌ಮೇಡಂ ಕುರ್ಚಿಯ ತುದಿಯಲ್ಲಿ ಕೂತಿದ್ದರು, ಕಾಲ ಬಳಿ ಅವರ ರೆಕ್ಕೆಯ ಚೀಲ.

"ಬಲರೆಕ್ಕೆ ಸ್ವಲ್ಪ ಗಿಡ್ಡ ಅಲ್ವಾ?" ಎಂದರು ಮೇಷ್ಟ್ರು.

"ವಯಸ್ಸಾದ ಗೂಬೆ ಮೇಷ್ಟ್ರೇ" ಎಂದರು ಅತ್ತೆ. "ಈ ವಯಸ್ಸಿಗೆ ಎರಡೂ ಕಡೆ ಸಮ ಇರೋ ಹೆಂಗಸನ್ನ ಎಲ್ಲಾದ್ರೂ ನೋಡಿದೀರಾ?"

ಹಜಾರವೆಲ್ಲ ನಕ್ಕಿತು. ಮೇಷ್ಟ್ರು ಪಟ್ಟಿಯಲ್ಲಿ ಏನೋ ಗುರುತು ಹಾಕಿಕೊಂಡು, "ಸರಿ, ತೀರ್ಪಿನ ದೃಶ್ಯದಿಂದ ಶುರು" ಎಂದರು. ಹೆಡ್‌ಮೇಡಂ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ, ಗೂಬೆಯ ಗರಿ ಮುಟ್ಟಿ ನೋಡಿ ಕೇಳಿದರು: "ಚೆನ್ನಾಗಿದೆ ಕಣ್ರೀ. ನಿಮ್ಮ ಟೈಲರ್ ಸೊಸೆ ಹೊಲಿದಿದ್ದಾ?"

ಹಿಂದಿನ ಸಾಲಿನಲ್ಲಿ ಕೂತಿದ್ದ ಸೊಸೆ ಮುಂದಿನ ಕುರ್ಚಿಯ ಮರೆಗೆ ಸರಿದಳು.

"ಎಡಗಡೇದು ನನ್ನ ಸೊಸೆ ಹೊಲಿದಿದ್ದು" ಎಂದರು ಅತ್ತೆ, ಇಡೀ ಹಜಾರಕ್ಕೆ ಕೇಳುವ ಹಾಗೆ. "ಬಲಗಡೇದು ಅವಳ ಗೆಳತಿ. ಇಬ್ಬರೂ ಕಾರ್ಖಾನೇಲಿ ಅಷ್ಟೇ ಮಾಡೋದು, ಅಲ್ಲಿ ಬೇರೆ ಕಲಿಸಲ್ಲ. ಮಿಕ್ಕಿದ್ದು ಇಬ್ಬರೂ ಸೇರಿ ನಿನ್ನೆ ಕಲಿತ್ರು." ಆಮೇಲೆ ವೇದಿಕೆ ಹತ್ತಿ ಬಲರೆಕ್ಕೆ ಎತ್ತಿದರು. ಒಂದು ಗರಿಯೂ ಉದುರಲಿಲ್ಲ.

ಸೋಮವಾರ ಮೂರನೇ ಸಾಲಿನಲ್ಲಿ ಎಂದಿನಂತೆ ಅಂಗಿ ಬಂತು. ಅವಳು ಎಡತೋಳು ಕೂಡಿಸಿ ಹಿಂದಕ್ಕೆ ತಳ್ಳಿದಳು. ತಳ್ಳಿದವಳು ಕತ್ತು ತಿರುಗಿಸಿ, ಬಲತೋಳು ಅದನ್ನು ಕಂಕುಳಿಂದ ಹೊಲಿಯುತ್ತ ಬರುವುದನ್ನು ನೋಡುತ್ತ ಕೂತಳು.

"ಏಯ್ ಎಡತೋಳು! ಹಿಂದೆ ಏನು ನೋಡ್ತಿದ್ದೀಯ?" ಎಂದು ಸೂಪರ್‌ವೈಸರ್ ಕೂಗಿದ.

"ಅಂಗಿ ಸಾರ್."

"ಅಂಗೀಲಿ ನೋಡೋದೇನಿದೆ?"

ಬಲತೋಳು ಹೊಲಿಗೆ ಮುಗಿಸಿ ದಾರ ಕತ್ತರಿಸಿದಳು. ಆಮೇಲೆಯೇ ಎಡತೋಳು ಮುಂದಕ್ಕೆ ತಿರುಗಿದಳು.

"ಇನ್ನೊಂದು ತೋಳಿದೆ ಸಾರ್" ಎಂದಳು.