ಹೂಂ ಅನ್ನುವ ಚಟ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ನಶ್ಯದ್ದೂ ಅಲ್ಲ; ಅವಾದರೆ ನಾಲ್ಕು ಜನ ಒಪ್ಪಿಕೊಂಡ ಚಟಗಳು. ನನ್ನದು ಹೂಂ ಅನ್ನುವ ಚಟ. ಯಾರು ಯಾರೊಡನೆ ಮಾತಾಡುತ್ತಿದ್ದರೂ ಸರಿ, ಮಾತು ಕಿವಿಗೆ ಬಿದ್ದು ಒಂದು ವಾಕ್ಯ ಮುಗಿಯಿತೆಂದರೆ ನನ್ನ ಬಾಯಿಂದ ಹೂಂ ಹೊರಬಿದ್ದಿರುತ್ತದೆ. ಒಮ್ಮೆ ನನ್ನ ಹೆಂಡತಿ ಶಾಂತವ್ವ ಹಿತ್ತಲ ಗೋಡೆಯ ಮೇಲಿಂದ ನೆರೆಮನೆಯವಳಿಗೆ ನನ್ನ ಗುಣಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದಳು. ನಾನು ಪಡಸಾಲೆಯಲ್ಲಿ ಕೂತು ಒಂದೊಂದಕ್ಕೂ ಹೂಂ ಅಂದೆನಂತೆ. ಅಂದಿನಿಂದ ಆಕೆ ಬೈಯುವುದಿದ್ದರೆ ಎದುರಿಗೇ ಬೈಯುತ್ತಾಳೆ, ಹೇಗೂ ಒಪ್ಪಿಗೆ ಸಿಗುತ್ತದಲ್ಲ ಎಂಬ ಧೈರ್ಯದಿಂದ.

ಬೆಳಗಾವಿಯ ಸಭೆಗಳಿಗೆ ನನ್ನ ಜೊತೆ ಹೋಗಲು ಗೆಳೆಯರು ಹಿಂಜರಿಯುತ್ತಾರೆ. ಹಿಂದಿನ ಬೇಸಿಗೆಯಲ್ಲಿ ಪುಣೆಯಿಂದ ಬಂದ ದೊಡ್ಡವರೊಬ್ಬರು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹೂಂ ಮಾತ್ರ ಎರಡಕ್ಕೂ ಸಮನಾಗಿ ಹೋಯಿತು. ಭಾಷಣಕಾರರು ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಆಮೇಲೆ ನನ್ನ ಕಡೆಗೇ ನೋಡಿ ಮಾತಾಡತೊಡಗಿದರು. ಕೊನೆಗೆ ಇಡೀ ಮೈದಾನವನ್ನು ಬಿಟ್ಟು ನನಗೊಬ್ಬನಿಗೇ ಭಾಷಣ ಮಾಡಿದಂತಾಯಿತು. ಬಾಜೂಕೆ ಕೂತಿದ್ದ ಗೆಳೆಯ ಮೆಲ್ಲಗೆ ಎದ್ದು ಬೇರೆ ಕಡೆ ಹೋಗಿ ಕೂತ.

ಹೂಂ ಅನ್ನುವುದನ್ನು ಹಗುರವಾಗಿ ನೋಡಬೇಡಿ. ಅದರಲ್ಲಿ ಎಷ್ಟೋ ಜಾತಿಗಳಿವೆ. ಮಾವನ ಮನೆಯಲ್ಲಿ ಅಳಿಯ ಅನ್ನುವ ಹೂಂ ಬೇರೆ, ಸಾಹೇಬರ ಮುಂದೆ ಕಾರಕೂನ ಅನ್ನುವ ಹೂಂ ಬೇರೆ. ನಿದ್ದೆ ಬಂದವನ ಹೂಂ ಮೂಗಿನಿಂದ ಹೊರಡುತ್ತದೆ, ಸಿಟ್ಟು ಬಂದವನದು ಹೊಟ್ಟೆಯಿಂದ. ನಮ್ಮ ಪುರಾಣಗಳನ್ನಾದರೂ ನೋಡಿ. ಹೇಳುವ ಋಷಿ ಒಬ್ಬನಿದ್ದರೆ ಕೇಳುವ ರಾಜ ಒಬ್ಬ ಇದ್ದೇ ಇರುತ್ತಾನೆ. ಸಾವಿನ ಗಳಿಗೆಯನ್ನು ಮುಂದಿಟ್ಟುಕೊಂಡು ಕತೆ ಕೇಳಿದ ರಾಜನೂ ಇದ್ದಾನೆ. ಋಷಿ ಹೇಳಿದ್ದೆಲ್ಲ ಶ್ಲೋಕಗಳಾಗಿ ಉಳಿದಿದೆ. ಆ ರಾಜ ನಡುನಡುವೆ ಅಂದಿರಬೇಕಾದ ಹೂಂಗಳನ್ನು ಮಾತ್ರ ಯಾರೂ ಬರೆದಿಡಲಿಲ್ಲ. ನಾನು ಆ ಗ್ರಂಥಗಳನ್ನು ಓದುವಾಗ ಅವನ್ನು ನಾನೇ ಸೇರಿಸಿಕೊಂಡು ಓದುತ್ತೇನೆ.

ಈ ಚಟ ನನಗೆ ಹತ್ತಿದ್ದು ಖಾನಾಪುರದಲ್ಲಿ. ನಾನು ವಡಗಾವಿಯ ನೇಕಾರ ಓಣಿಯವನು, ಮಗ್ಗದ ಸಪ್ಪಳದಲ್ಲಿ ಬೆಳೆದವನು. ಟ್ರೇನಿಂಗ್ ಮುಗಿಸಿ ಮಾಸ್ತರನಾದಾಗ ಮೊದಲ ನೇಮಕ ಖಾನಾಪುರದ ಸಾಲೆಗೆ ಆಯಿತು. ಹೆಸರು ಕೇಳಿದೊಡನೆ ನಮ್ಮವ್ವ ಅತ್ತಳು. ಬೆಳಗಾವಿಯಿಂದ ರೈಲು ಹತ್ತಿದರೆ ಬೇಗ ಮುಟ್ಟುವ ಊರು, ಆದರೆ ಅಲ್ಲಿಯ ಕಾಡು, ಅಲ್ಲಿಯ ನೀರು, ಅಲ್ಲಿಯ ಜ್ವರ ಇವುಗಳ ಹೆಸರು ಊರಿಗಿಂತ ದೊಡ್ಡದಾಗಿತ್ತು.

ಹೆಡ್‌ಮಾಸ್ತರರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಮದುವೆ ಆಗಿಲ್ಲವೆಂದು ತಿಳಿದುಕೊಂಡು, ಸಂಜೆಯ ಕೆಲಸ ನಿಮಗೇ ಎಂದರು. ಸಂಜೆಯ ಕೆಲಸವೆಂದರೆ, ಸಾಲೆ ಬಿಟ್ಟ ಮೇಲೆ ಸಣ್ಣ ಮಕ್ಕಳನ್ನು ದೀಪ ಹಚ್ಚುವ ಹೊತ್ತಿನವರೆಗೆ ಸಾಲೆಯ ಕಟ್ಟೆಯ ಮೇಲೆ ಇಟ್ಟುಕೊಳ್ಳುವುದು. ಅಪ್ಪಂದಿರು ಕಟ್ಟಿಗೆ ಡಿಪೋದಲ್ಲಿ, ಹಂಚಿನ ಭಟ್ಟಿಯಲ್ಲಿ ದುಡಿಯುವವರು. ಅವ್ವಂದಿರು ಕಾಡಿಗೆ ಹೋಗಿ ಸೌದೆ ಹೊತ್ತು ತರುವವರು. ಅವರು ಬರುವ ತನಕ ಮಕ್ಕಳಿಗೆ ಹಾಡು, ಕವಾಯತು, ಕೈಕೆಲಸ ಏನಾದರೂ ಒಳ್ಳೆಯದನ್ನು ಕಲಿಸಿರೆಂದು ಅಪ್ಪಣೆಯಾಯಿತು. ನಾನು ಹಾಡಿದೆ, ಓಣಿಯ ನಾಯಿಗಳು ಬಂದು ನಿಂತವು. ಕವಾಯತು ಮಾಡಿಸಿದೆ, ಎಡ ಬಲ ನನಗೇ ತಪ್ಪಿತು. ಕೈಕೆಲಸದಲ್ಲಿ ನನಗೆ ಬರುತ್ತಿದ್ದದ್ದು ಕಾಗದದ ದೋಣಿ ಒಂದೇ, ಅದನ್ನು ಮಕ್ಕಳು ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಉಳಿದದ್ದು ಕತೆ.

ಕತೆ ಹೇಳುವವನಿಗೆ ಹೂಂ ಅನ್ನುವವರು ಬೇಕು. ಅಲ್ಲಿ ಅರ್ಧ ಮಕ್ಕಳ ಮನೆಮಾತು ಕನ್ನಡ, ಅರ್ಧ ಮಕ್ಕಳದು ಮರಾಠಿ. ನನ್ನ ಕತೆ ಎರಡರ ನಡುವೆ ತಡವರಿಸಿಕೊಂಡು ಸಾಗುತ್ತಿತ್ತು. ಹೂಂ ಮಾತ್ರ ಎರಡೂ ಕಡೆ ನಡೆಯುವ ಮಾತು. ಆ ಕೆಲಸವನ್ನು ಯಾರೂ ಹೇಳದೆ ತಾನೇ ವಹಿಸಿಕೊಂಡವಳು ಕುಂಬಾರ ಓಣಿಯ ತುಳಸಾ. ಮುಂದಿನ ಹಲ್ಲು ಬಿದ್ದ ಹುಡುಗಿ. ಅವಳ ಹೂಂ ಆ ಸಂದಿಯಿಂದ ಗಾಳಿ ಸೇರಿಸಿಕೊಂಡು ಬರುತ್ತಿತ್ತು. ಬೇರೆ ಯಾರಾದರೂ ಹೂಂ ಅಂದರೆ ಮೊಣಕೈಯಿಂದ ತಿವಿಯುತ್ತಿದ್ದಳು. ನಾನು ಕತೆಯಲ್ಲಿ ಮುಗ್ಗರಿಸಿದರೆ ಅವಳ ಹೂಂ ಪ್ರಶ್ನೆಯಾಗುತ್ತಿತ್ತು, ನಾನು ಹೆದರಿ ಏನೋ ಒಂದನ್ನು ಹೂಡುತ್ತಿದ್ದೆ. ನನ್ನಿಂದ ಕತೆ ಹೇಳಿಸಿದವಳು ಅವಳೇ ಎಂದರೆ ಸರಿಯಾದೀತು. ಅವಳ ಬಗಲಿಗೆ ಯಾವಾಗಲೂ ಅಂಟಿಕೊಂಡಿರುತ್ತಿದ್ದವಳು ಗೆಳತಿ ಅಂಬು, ಬಾಯೇ ಇಲ್ಲದ ಹುಡುಗಿ.

ಇನ್ನು ಜ್ವರದ ಮಾತು. ಶಾಸ್ತ್ರದವರು ಅದಕ್ಕೆ ವಿಷಮಜ್ವರ ಎನ್ನುತ್ತಾರೆ, ಡಾಕ್ಟರರು ಮಲೇರಿಯಾ ಎನ್ನುತ್ತಾರೆ. ಖಾನಾಪುರದವರು ಪಾಳಿ ಎನ್ನುತ್ತಿದ್ದರು, ಏಕೆಂದರೆ ಅದು ದಿನ ಬಿಟ್ಟು ದಿನ, ಹೊತ್ತು ತಪ್ಪದೆ ಬರುತ್ತಿತ್ತು. ನಮ್ಮ ಸಾಲೆಗೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದದ್ದು ಅದೊಂದೇ. ಮಳೆಗಾಲ ಹಿಂದೆ ಸರಿಯುವ ತಿಂಗಳುಗಳಲ್ಲಿ ಸಂಜೆಯಾಯಿತೆಂದರೆ ಇವತ್ತಿನ ಪಾಳಿಯವರು ಕಟ್ಟೆಯ ಮೂಲೆಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದರು, ನಾಳೆಯ ಪಾಳಿಯವರು ಅಂಗಳದಲ್ಲಿ ಆಡುತ್ತಿದ್ದರು. ಮರುದಿನ ಅವರು ಇಲ್ಲಿ, ಇವರು ಅಲ್ಲಿ. ಮೊದಮೊದಲು ನನಗೆ ಎದೆ ಒಡೆದಂತಾಗುತ್ತಿತ್ತು. ಆಮೇಲೆ ರೂಢಿಯಾಯಿತು, ಅದು ಇನ್ನೂ ಕೆಟ್ಟದ್ದು.

ಆ ಊರಿನಲ್ಲಿ ಒಂದು ನಂಬಿಕೆ. ಜ್ವರ ಬರುವ ಗಳಿಗೆಯನ್ನು ರೋಗಿ ಮರೆತುಬಿಟ್ಟರೆ ಜ್ವರ ದಾರಿ ತಪ್ಪುತ್ತದೆ. ಬಾಗಿಲಿಗೆ ಬರುತ್ತದೆ, ಮನಸ್ಸು ಮನೆಯಲ್ಲಿಲ್ಲವೆಂದು ಕಂಡು ಹೊಳ್ಳಿ ಹೋಗುತ್ತದೆ. ಇದಕ್ಕೆ ಪಾಳಿ ತಪ್ಪಿಸುವುದು ಎನ್ನುತ್ತಿದ್ದರು. ಪಾಳಿ ತಪ್ಪಿಸಲು ಕತೆಗಿಂತ ಒಳ್ಳೆಯ ಉಪಾಯವಿಲ್ಲ. ಮಗು ಹೂಂ ಅನ್ನುವವರೆಗೆ ಮನಸ್ಸು ಕತೆಯಲ್ಲಿದೆ ಎಂದು ಲೆಕ್ಕ. ಹೂಂ ನಿಂತಿತೋ, ಜ್ವರ ಒಳಗೆ ಬಂತು. ಹೀಗಾಗಿ ನನ್ನ ಸಂಜೆಯ ಕಟ್ಟೆ ತುಂಬತೊಡಗಿತು. ಹೆಡ್‌ಮಾಸ್ತರರು ನನ್ನ ವಿದ್ಯೆಯ ಪ್ರಭಾವವೆಂದು ಹಿಗ್ಗಿದರು. ನಾನೂ ಸುಮ್ಮನಿದ್ದೆ.

ನಾನು ಕ್ವಿನೈನನ್ನು ನಂಬಿದವನು. ದವಾಖಾನೆಯಿಂದ ಗುಳಿಗೆ ತಂದಿಟ್ಟುಕೊಂಡಿದ್ದೆ. ಅವ್ವಂದಿರಿಗೆ ಅದು ಬೇಡ. ಕಹಿ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಮಗು ಉಣ್ಣುವುದಿಲ್ಲ ಎಂದು ದೂರು. ಆಗ ನಾನೊಂದು ಕರಾರು ಮಾಡಿದೆ. ಮೊದಲು ಗುಳಿಗೆ, ಮೇಲೆ ಒಂದು ಚೂರು ಬೆಲ್ಲ, ಆಮೇಲೆ ಕತೆ. ಎಷ್ಟೋ ಮಕ್ಕಳ ಪಾಳಿ ತಪ್ಪಿತು. ಹೆಸರು ಬಂದದ್ದು ಕತೆಗೆ, ಗುಳಿಗೆಗಲ್ಲ. ಸಂತೆಯಲ್ಲಿ ಹೆಂಗಸರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ದಾರಿ ಬಿಡುತ್ತಿದ್ದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಂಥ ಮರ್ಯಾದೆ ಸಿಕ್ಕರೆ ಯಾರು ಬೇಡವೆನ್ನುತ್ತಾರೆ?

ಆ ವರ್ಷ ಜ್ವರ ಜೋರಾಗಿತ್ತು. ಇಡೀ ತಾಲೂಕಿಗೇ ಹಬ್ಬಿ ಗುಳಿಗೆ ಮುಗಿದುಹೋಯಿತು. ನಾನು ರವಿವಾರ ಬೆಳಗಾವಿಗೆ ಹೋಗಿ ಅಲೆದು ಒಂದು ಹಿಡಿಯಷ್ಟು ತಂದೆ, ಅದೂ ಮುಗಿಯಿತು. ಉಳಿದದ್ದು ಬೆಲ್ಲ ಮತ್ತು ಕತೆ. ತುಳಸಾಳಿಗೆ ಜ್ವರ ಹತ್ತಿದ್ದು ಆಗಲೇ. ಎರಡು ಪಾಳಿ ಕಳೆಯುವುದರಲ್ಲಿ ಕಣ್ಣು ಹಳದಿಯಾದವು, ಕೈ ಕಡ್ಡಿಯಾದವು. ಮೂರನೆಯ ಪಾಳಿಯ ದಿನ ಅವಳ ಅವ್ವ ಸಖೂಬಾಯಿ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ನಾನು ಮನೆಯಲ್ಲಿ ಮಲಗಿಸಿರೆಂದು ಹೇಳಿದೆ. ಆಕೆ ಕೇಳಲಿಲ್ಲ.

“ಮನ್ಯಾಗ ಇದ್ದರ ಉರಿ ಬರೂ ಹಾದಿನ ಕಾಯ್ತಾಳ್ರೀ ಮಾಸ್ತರ್ರ,” ಅಂದಳು. “ದೀಪಾ ಹಚ್ಚೂತನಕಾ ಕತಿ ನಿಂದರಬಾರದು ನೋಡ್ರಿ. ಅಷ್ಟ ಮಾಡ್ರಿ.”

ಮಳೆ ಹನಿಯುತ್ತಿತ್ತು, ಕಟ್ಟೆಯ ಮೇಲೆ ಬೇಗ ಮಬ್ಬಾಯಿತು. ತುಳಸಾ ಮತ್ತು ಅಂಬು ಒಂದೇ ಕಂಬಳಿಯ ಕೊಪ್ಪೆಯೊಳಗೆ ಒಬ್ಬರಿಗೊಬ್ಬರು ಆತುಕೊಂಡು ಕೂತರು. ನಾನು ಹೊಸ ಕತೆ ಹೂಡಿದೆ. ಒಬ್ಬ ಮುದುಕಿಯ ಮಣ್ಣಿನ ಕೊಡ ಮಲಪ್ರಭೆಯಲ್ಲಿ ತೇಲಿ ಹೋಯಿತು. ಅದನ್ನು ಹುಡುಕುತ್ತ ಆಕೆ ದಂಡೆ ಹಿಡಿದು ಹೊರಟಳು. ಈ ಕತೆಯ ಗುಣವೆಂದರೆ ಎಷ್ಟು ಬೇಕಾದರೂ ಎಳೆಯಬಹುದು. ಮುದುಕಿಗೆ ಏಡಿ ಸಿಕ್ಕಿತು, ಬೆಳ್ಳಕ್ಕಿ ಸಿಕ್ಕಿತು, ದೋಣಿಯವ ಸಿಕ್ಕ, ಅರಿವೆ ಒಗೆಯುವವಳು ಸಿಕ್ಕಳು. ಎಲ್ಲರನ್ನೂ ನನ್ನ ಕೊಡ ಕಂಡಿರೇನು ಎಂದು ಕೇಳುತ್ತ ಹೋದಳು. ಒಂದೊಂದಕ್ಕೂ ಕೊಪ್ಪೆಯೊಳಗಿನಿಂದ ಹೂಂ ಬಂತು. ಜ್ವರದ ಹೊತ್ತು ಹತ್ತಿರ ಬಂತು, ಹೂಂ ಬಂತು. ಹೊತ್ತು ದಾಟಿತು; ಸಣ್ಣಗೆ, ಆದರೂ ಬಂತು. ಉಳಿದ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ನಾನು ಕ್ವಿನೈನನ್ನು ನಂಬಿದವನು ಎಂದೆನಲ್ಲ, ಆ ಗಳಿಗೆಯಲ್ಲಿ ಮಾತ್ರ ನಾನೂ ಖಾನಾಪುರದವನಾಗಿದ್ದೆ. ಇನ್ನೊಂದಿಷ್ಟು, ಇನ್ನೊಂದಿಷ್ಟು ಎಂದು ಮುದುಕಿಯನ್ನು ನಡೆಸಿದೆ.

ಓಣಿಯಲ್ಲಿ ದೀಪ ಕಂಡಾಗ ಕತೆ ನಿಲ್ಲಿಸಿ, ಪಾಳಿ ತಪ್ಪಿತು ತುಳಸಾ ಎಂದು ಕೊಪ್ಪೆ ಸರಿಸಿದೆ. ಅವಳ ತಲೆ ಅಂಬುವಿನ ಹೆಗಲ ಮೇಲಿತ್ತು. ಕಣ್ಣು ಅರ್ಧ ತೆರೆದಿದ್ದವು, ನನ್ನನ್ನು ನೋಡಲಿಲ್ಲ. ಮೈ ಮುಟ್ಟಲಾಗದಷ್ಟು ಕಾದಿತ್ತು. ಅಂಬು ಅವಳ ಭಾರಕ್ಕೆ ಬಾಗಿ, ಅಲ್ಲಾಡದೆ ಕೂತಿದ್ದಳು. ನಾನು ತುಳಸಾಳನ್ನು ಎತ್ತಿಕೊಂಡು ಕುಂಬಾರ ಓಣಿಗೆ ಓಡಿದೆ. ಡಾಕ್ಟರರು ಬಂದರು, ಜ್ವರ ತಲೆಗೆ ಏರಿದೆ ಎಂದರು. ಮರುದಿನ ಮಧ್ಯಾಹ್ನ ತುಳಸಾ ಹೋಗಿಬಿಟ್ಟಳು. ನಾನು ಸಾಲೆಯ ಹಿಂದೆ ಹೋಗಿ ಅತ್ತೆ. ಆಮೇಲೆ ರೈಲಿನಲ್ಲಿ ಗುಳಿಗೆಯ ಪೆಟ್ಟಿಗೆ ಬಂತು, ಇಡೀ ಊರಿಗೆ ಸಾಕಾಗುವಷ್ಟು.

ಸಂಜೆಯ ಕಟ್ಟೆ ಮತ್ತೆ ಕೂಡಿತು. ಕೂಡದೆ ಏನು, ಅವ್ವಂದಿರು ಕಾಡಿಗೆ ಹೋಗಲೇಬೇಕಲ್ಲ. ನಾನು ಗುಳಿಗೆ ಕೊಡುತ್ತಿದ್ದೆ, ಕತೆ ಹೇಳುತ್ತಿರಲಿಲ್ಲ. ಮಕ್ಕಳೂ ಹೇಳಿರೆಂದು ಕೇಳಲಿಲ್ಲ. ಹೀಗೇ ಒಂದು ಸಂಜೆ ಸಖೂಬಾಯಿ ಬಂದು ಮಕ್ಕಳ ನಡುವೆ ನೆಲದ ಮೇಲೆ ಕೂತಳು. ಕುರ್ಚಿ ತರಲು ಹೊರಟರೆ ಬೇಡವೆಂದು ಕೈಯಾಡಿಸಿದಳು.

“ಮುದುಕಿ ಕತಿ ನಮ್ಮ ಪೋರಿ ಎಲ್ಲಿತನಕಾ ಕೇಳಿದ್ಲ್ರೀ?” ಎಂದು ಕೇಳಿದಳು. “ಅಲ್ಲಿಂದ ಮುಂದ ನನಗ ಹೇಳ್ರಿ.”

ಕೊನೆಯವರೆಗೂ ಕೇಳಿದಳು, ಹೂಂ ಅನ್ನುತ್ತಲೇ ಇದ್ದಳು ಎಂದು ನಾನು ಹೇಳಿದೆ. ಆಗ ಬಾಯೇ ಇಲ್ಲದ ಅಂಬು ಬಾಯಿ ಬಿಟ್ಟಳು.

“ಇಲ್ರೀ. ಬೆಳ್ಳಕ್ಕಿ ಬಂತಲ್ರೀ, ಅಲ್ಲಿತನಕಾ ಆಕಿ ಅಂದ್ಲು. ಅಲ್ಲಿಂದ ನಾ ಅಂದೆ. ಹೂಂ ನಿಂತರ ಉರಿಗೆ ಗೊತ್ತಾಗತೈತಿ ಅಂತ.”

ಸಖೂಬಾಯಿ ಅಂಬುವನ್ನು ತನ್ನ ಕಡೆಗೆ ಎಳೆದುಕೊಂಡಳು, ಬೈಯಲಿಲ್ಲ. ನಾನು ಬೆಳ್ಳಕ್ಕಿಯಿಂದ ಮತ್ತೆ ಶುರುಮಾಡಿದೆ. ದೋಣಿಯವನೆಂದೆ, ಸಖೂಬಾಯಿ ಹೂಂ ಅಂದಳು. ಅರಿವೆ ಒಗೆಯುವವಳೆಂದೆ, ಹೂಂ ಅಂದಳು. ಕತೆ ಆ ದಿನ ನಿಂತ ಜಾಗಕ್ಕೆ ಬಂದು ಮತ್ತೆ ನಿಂತಿತು. ಮುಂದೆ ಏನೆಂದು ನಾನು ಅಂದೂ ಯೋಚಿಸಿರಲಿಲ್ಲ. ಮುದುಕಿಗೆ ಕೊಡ ಸಿಕ್ಕಿತು ಎಂದು ಹೇಳಿ ಮುಗಿಸಿಬಿಡಲೇ ಎಂದು ಬಾಯಿ ತೆರೆದೆ. ಸಖೂಬಾಯಿಗೆ ನನ್ನ ಮುಖದಿಂದಲೇ ತಿಳಿದಿರಬೇಕು.

“ಸಿಗೂದು ಬ್ಯಾಡ್ರೀ ಮಾಸ್ತರ್ರ,” ಅಂದಳು. “ಸಿಕ್ಕರ ಸುಳ್ಳ ಆಗತೈತಿ. ಕತ್ತಲಾತು, ಮುದುಕಿ ಮನಿಗೆ ಹೋಗಲಿ.”

ಮುದುಕಿ ಮನೆಗೆ ಹೋದಳು, ಎಂದೆ. ಸಖೂಬಾಯಿ ಹೂಂ ಅಂದಳು. ಹಾಗೆ ಅಂದವಳೇ ಎದ್ದು, ಸೆರಗು ಕೊಡವಿಕೊಂಡು, ಅಂಬುವನ್ನು ಅವಳ ಮನೆಗೆ ಮುಟ್ಟಿಸಲು ಕೈಹಿಡಿದು ಕರೆದುಕೊಂಡು ಹೋದಳು.

ಅದಾದ ಮೇಲೆ ನನಗೆ ವಡಗಾವಿಗೇ ವರ್ಗವಾಯಿತು, ಮದುವೆಯಾಯಿತು. ಇಲ್ಲಿಯೂ ಸಾಲೆ ಬಿಟ್ಟ ಮೇಲೆ ನೇಕಾರರ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನ್ನದೇ. ಮಗ್ಗಗಳ ಸಪ್ಪಳದಲ್ಲಿ ಈ ಮಕ್ಕಳು ಹೇಳುವುದು ಅವರಿಗೇ ಕೇಳಿಸುವುದಿಲ್ಲ. ಆದರೂ ಹೇಳುತ್ತಾರೆ, ತಮ್ಮ ಬೆಕ್ಕಿನ ಸುದ್ದಿ, ಅಜ್ಜನ ಸುದ್ದಿ. ನಾನೀಗ ಕತೆ ಹೇಳುವುದು ಕಡಿಮೆ. ಮಾತಾಡುವವರು ಯಾರೇ ಇರಲಿ, ಅವರ ಮಾತು ಕೇಳುವವರು ಆ ಕಡೆ ಇನ್ನೂ ಇದ್ದಾರೆಯೋ ಇಲ್ಲವೋ ಎಂಬ ಅಂಜಿಕೆ ನನ್ನನ್ನು ಬಿಟ್ಟಿಲ್ಲ. ಇರಲಿ ಎಂದು ನಾನೇ ಹೂಂ ಅಂದುಬಿಡುತ್ತೇನೆ. ಹೂಂ ಅಂದರೆ ಸಾವು ತಪ್ಪುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಅಂಬುವಿಗೂ ಇಷ್ಟೊತ್ತಿಗೆ ಗೊತ್ತಾಗಿರಬೇಕು. ಆದರೆ ಅವಳು ಈಗಲೂ ಯಾರದೋ ಪಕ್ಕದಲ್ಲಿ ಕೂತು ಹೂಂ ಅನ್ನುತ್ತಿರುತ್ತಾಳೆ ಎಂದೇ ನನ್ನ ಎಣಿಕೆ.

ಇದನ್ನು ಬರೆಯುತ್ತಿರುವಾಗ ಶಾಂತವ್ವ ಅಡಿಗೆಮನೆಯಿಂದ ಏನೋ ಹೇಳುತ್ತಿದ್ದಾಳೆ. ಮಗ್ಗದ ಸಪ್ಪಳದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಹೂಂ ಅಂದಿದ್ದೇನೆ. ಏನನ್ನು ಒಪ್ಪಿಕೊಂಡೆನೋ ಊಟದ ಹೊತ್ತಿಗೆ ತಿಳಿಯುತ್ತದೆ.