ಅಳಿವೆಯಲ್ಲಿ ನೀರಿತ್ತು

‘ತಂಡೇಲರ ಲೆಕ್ಕ ತಪ್ಪಿ ಹಡಗು ನೀರಿಲ್ಲದ ಹೊತ್ತಿಗೆ ಅಳಿವೆಯನ್ನು ತಲುಪಿತು. ಒಳಗೆ ಬರಲಾಗದೆ ಅವರು ಮಗಳ ಧಾರೆಯನ್ನು ಕಾಣುವ ಭಾಗ್ಯದಿಂದ ವಂಚಿತರಾದರು.’ ನಮ್ಮ ಮನೆತನದ ಬಗ್ಗೆ ಈಚೆಗೆ ಅಚ್ಚಾದ ಪುಸ್ತಿಕೆಯಲ್ಲಿ ಅಜ್ಜಯ್ಯನ ಕುರಿತು ಇರುವುದು ಇಷ್ಟೇ. ಪುಸ್ತಿಕೆಯ ಬಿಡುಗಡೆಯ ದಿನ ಅದನ್ನು ಓದಿ ಹೇಳಿದಾಗ ಸಭೆಯಲ್ಲಿ ಸಣ್ಣಗೆ ನಗೆಯೆದ್ದಿತು. ಜೀವಮಾನವಿಡೀ ತಂಡೇಲನಾಗಿ ಹಾಯಿ ಹಡಗು ನಡೆಸಿದವನು ಮಗಳ ಮದುವೆಯ ದಿನವೇ ಭರತ ಇಳಿತಗಳ ಲೆಕ್ಕ ತಪ್ಪಿದನೆಂದರೆ ಯಾರಿಗಾದರೂ ನಗು ಬರುತ್ತದೆ. ಅದಾದ ವಾರದಲ್ಲೇ ಗಂಗೊಳ್ಳಿಯ ದಡದಲ್ಲಿ ಯಾರೋ ಹಳೆಯ ದೋಣಿಯೊಂದಕ್ಕೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದರು. ಆ ವಾಸನೆ ಗಂಟಲಿಗಿಳಿದದ್ದೇ ತಡ, ನಾನು ಎಂಟು ವರ್ಷದವನಾಗಿ ಅಜ್ಜಯ್ಯನ ಮಂಜಿಯ ಹಲಗೆಯ ಮೇಲೆ ಮಲಗಿದ್ದೆ.

ಮಂಜಿಯೆಂದರೆ ನಮ್ಮ ಕಡೆಯ ಸರಕಿನ ಹಾಯಿ ಹಡಗು. ಅಜ್ಜಯ್ಯ ಅದರಲ್ಲಿ ಹಂಚು ತುಂಬಿಕೊಂಡು ಮುಂಬಯಿಗೆ ಹೋಗಿಬರುತ್ತಿದ್ದರು. ಮಳೆಗಾಲದಲ್ಲಿ ಅದನ್ನು ದಡಕ್ಕೆಳೆದು, ಸೋಗೆ ಹೊದಿಸಿ, ನೀರಿಗಿಳಿಸುವ ಮೊದಲು ಮೈತುಂಬ ಎಣ್ಣೆ ಕುಡಿಸುತ್ತಿದ್ದರು. ಆ ಎಣ್ಣೆ ಮರದೊಳಗೆ ಇಳಿದಂತೆ ಅಜ್ಜಯ್ಯನ ಮೈಯೊಳಗೂ ಇಳಿದಿತ್ತು. ಅವರು ಒರಗಿದ ಗೋಡೆ, ಹೊದ್ದ ಕಂಬಳಿ, ನನ್ನ ತಲೆ ಸವರಿದ ಅಂಗೈ ಎಲ್ಲವೂ ಅದೇ ವಾಸನೆ. ನನಗದು ಮನೆಯ ವಾಸನೆಯಾಗಿತ್ತು. ಕುಂದಾಪುರದಲ್ಲಿ ಬಟ್ಟೆ ಅಂಗಡಿಯಿಟ್ಟಿದ್ದ ನನ್ನ ಅಪ್ಪಯ್ಯನಿಗೆ ಅದು ಅವಮಾನದ ವಾಸನೆ. ನೆಂಟರು ಬಂದರೆ ಅಜ್ಜಯ್ಯನ ಚಾಪೆ ಜಗಲಿಯಿಂದ ಕೊಟ್ಟಿಗೆಯ ಮಾಡಿನ ಕೆಳಗೆ ಹೋಗುತ್ತಿತ್ತು. ಅದನ್ನು ಎತ್ತಿಡಲು ಯಾರೂ ಹೇಳಬೇಕಾಗಿರಲಿಲ್ಲ. ಅಜ್ಜಯ್ಯನೇ ಎತ್ತಿಕೊಳ್ಳುತ್ತಿದ್ದರು.

ಅಪ್ಪಯ್ಯನ ತಂಗಿ ಗಿರಿಜತ್ತೆಗೆ ಹಂಗಾರಕಟ್ಟೆಯ ಸಂಬಂಧ ಕೂಡಿಬಂತು. ಗಂಡಿನ ಕಡೆಯವರಿಗೆ ಮುಂಬಯಿಯಲ್ಲಿ ಹೋಟೆಲು. ಮದುವೆ ಅವರ ಚಪ್ಪರದಲ್ಲೇ ಆಗಬೇಕೆಂದರು. ರಸ್ತೆಯಲ್ಲಿ ಹೋಗುವುದಾದರೆ ಹೊಳೆ ದಾಟಿ, ಬಸ್ಸು ಹಿಡಿದು, ಮತ್ತೆ ನಡೆಯಬೇಕು. ಅಜ್ಜಯ್ಯ ಒಂದೇ ಮಾತಿನಲ್ಲಿ ತೀರ್ಮಾನಿಸಿದರು: “ನನ್ನ ಹೆಣ್ಣ್ ನನ್ನ ಮಂಜಿಯಂಗೇ ಹೋಯ್ಕ್.”

ಬೆಳಕು ಹರಿಯುವ ಮುನ್ನ ಗಂಗೊಳ್ಳಿಯಿಂದ ಹೊರಟೆವು. ಹಂಚಿನ ಕೆಂಪು ಧೂಳು ತೊಳೆದು ಚಾಪೆ ಹಾಸಿದ್ದರು. ಗುಡ್ಡಗಳ ಕಡೆಯಿಂದ ತಣ್ಣನೆಯ ಗಾಳಿ ಬೀಸಿ ಹಾಯಿ ಒಮ್ಮೆ ಪಟಪಟಿಸಿ ತುಂಬಿಕೊಂಡಾಗ ಇಡೀ ಹಡಗು ನಿದ್ದೆಯಿಂದೆದ್ದವರಂತೆ ನರಳಿತು. ಆಮೇಲೆ ಉಳಿದದ್ದಿಷ್ಟು: ತೆಂಗಿನ ನಾರಿನ ಹಗ್ಗಗಳ ಕಿರುಗುಟ್ಟುವಿಕೆ, ಅಡಿಯಲ್ಲಿ ನೀರು ಸೀಳುವ ಸರಸರ, ಹೆಂಗಸರ ಮಲ್ಲಿಗೆ ಮತ್ತು ಮೀನೆಣ್ಣೆ ಬೆರೆತು ಯಾವುದೆಂದು ತಿಳಿಯದ ಒಂದು ಘಾಟು. ಗಿರಿಜತ್ತೆ ಸೋಬಾನೆ ಹಾಡುವ ಹೆಂಗಸರ ನಡುವೆ ಕೂರದೆ ಹಿಂಬದಿಗೆ ಹೋಗಿ ಅಜ್ಜಯ್ಯನ ಪಕ್ಕದಲ್ಲಿ ಚುಕ್ಕಾಣಿಯ ಮೇಲೆ ಕೈಯಿಟ್ಟು ಕುಳಿತಿದ್ದಳು. ನಾನು ಹೊಸ ಅಂಗಿಯ ಮೇಲೆಲ್ಲ ವಾಂತಿ ಮಾಡಿಕೊಂಡೆ.

ಹೊಳೆ ಕಡಲು ಸೇರುವ ಹಂಗಾರಕಟ್ಟೆಯ ಅಳಿವೆ ಕಂಡಾಗ ಬಿಸಿಲು ಬಂದಿತ್ತು. ನೀರು ಇನ್ನೂ ಏರುತ್ತಿತ್ತು. ಅಜ್ಜಯ್ಯ ಹೊರಗೇ ಲಂಗರು ಹಾಕಿಸಿ, ನೀರು ತುಂಬುವವರೆಗೆ ಸ್ವಲ್ಪ ತಡೆದರೆ ಎಲ್ಲರನ್ನೂ ದಡದ ಕಟ್ಟೆಯವರೆಗೆ ಒಯ್ಯುವೆನೆಂದರು. ಅಪ್ಪಯ್ಯ ತಡೆಯಲಿಲ್ಲ. ಬೀಗರು ಕಳಿಸಿದ ದೋಣಿಗಳಿಗೆ ದಿಬ್ಬಣವನ್ನು ಇಳಿಸತೊಡಗಿದ.

“ಅಪ್ಪಯ್ಯ, ನೀವ್ ಇಲ್ಲೇ ಇರಿ. ನೀರ್ ತುಂಬ್ದ್ ಕೂಡ್ಲೆ ಜನ ಕಳ್ಸ್ತೆ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತ್,” ಎಂದು ಅಜ್ಜಯ್ಯನಿಗೆ ಹೇಳಿದ.

“ಆಯ್ತ್. ಹಾಲ್ ಎರುಕೆ ನಾನ್ ಇರ್ಕ್, ಮರಿಬೇಡ.”

ಅಜ್ಜಿ ತೀರಿಹೋಗಿದ್ದರಿಂದ ಧಾರೆಗೆ ಕೂರುವವರು ನನ್ನ ಅಪ್ಪಯ್ಯ, ಅಮ್ಮ. ಆದರೆ ಕೂಡಿದ ಕೈಗಳ ಮೇಲೆ ಹಾಲೆರೆಯಲು ಅಜ್ಜಯ್ಯ ನಮ್ಮ ದನದ ಹಾಲನ್ನೇ ಗಿಂಡಿಯಲ್ಲಿ ಬಾಳೆಲೆ ಮುಚ್ಚಿ ತಂದಿದ್ದರು. ವಾಂತಿ ಮಾಡಿಕೊಂಡ ನನ್ನನ್ನು ಅವರ ಬಳಿಯೇ ಬಿಟ್ಟರು.

ದೋಣಿಗಳು ಮರೆಯಾದ ಮೇಲೆ ಅಜ್ಜಯ್ಯ ಕುಡಿಯುವ ನೀರಿನ ಪೀಪಾಯಿಯಿಂದ ನೀರು ತೆಗೆದು ಸ್ನಾನಕ್ಕೆ ನಿಂತರು. ಸಮುದ್ರದ ಮೇಲೆ ಆ ನೀರನ್ನು ಮೈಗೆ ಸುರಿದುಕೊಂಡದ್ದನ್ನು ನಾವು ಯಾರೂ ಕಂಡಿರಲಿಲ್ಲ. ಸೀಗೆಪುಡಿ, ತೆಂಗಿನ ಸಿಪ್ಪೆ, ಮತ್ತೆ ಸೀಗೆಪುಡಿ. ಹಡಗಿನ ಆಳು ನಾಗಪ್ಪ ನೋಡಿ ನೋಡಿ ಸಾಕಾಗಿ, “ತಂಡೇಲ್ರೆ, ಇನ್ನ್ ತಿಕ್ಕಿರೆ ಚರ್ಮ ಹೋತ್ತ್, ವಾಸ್ನಿ ಹೋತಿಲ್ಲ!” ಎಂದ. ಅಜ್ಜಯ್ಯ ನಕ್ಕರು. ಹೊಸ ಪಂಚೆಯುಟ್ಟು, ಶಲ್ಯ ಹೊದ್ದು, ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ದಡದ ಕಡೆ ಮುಖ ಮಾಡಿ ಕುಳಿತರು.

ನೀರು ಬಂತು. ಮರಳಿನ ದಿಬ್ಬದ ಮೇಲೆ ನೊರೆಯೊಡೆಯುವುದು ನಿಂತಿತು, ಅಳಿವೆ ತುಂಬಿ ಎಣ್ಣೆಯಂತೆ ನುಣುಪಾಯಿತು, ಲಂಗರಿನ ಹಗ್ಗ ಹೊರಳಿ ಹಡಗಿನ ಮೂತಿ ತಾನಾಗಿ ಸಮುದ್ರದ ಕಡೆ ತಿರುಗಿತು. ದೋಣಿ ಬರಲಿಲ್ಲ.

“ಹ್ವಾಯ್ ತಂಡೇಲ್ರೆ,” ನಾಗಪ್ಪ ತಡೆಯಲಾರದೆ ಎದ್ದ, “ಹಾಯಿ ಬಿಚ್ಚುವನಾ? ಚಪ್ರದ ಬಾಗ್ಲಿಗೇ ಕಟ್ವ ಮಂಜಿ. ಬೀಗ್ರ್ ಹೆದ್ರಿ ಓಡ್ಲಿ!”

“ನೀರ್ ಬಂತ್. ಕರೆ ಬರ್ಲಿಲ್ಲ. ಸುಮ್ನೆ ಕೂಕೊ.”

ನಾಗಪ್ಪ ಕುಳಿತ. ಒಳಗಿನಿಂದ ವಾದ್ಯದ ಸದ್ದು ಗಾಳಿ ಬಂದಾಗ ಬಂದು, ಹೋದಾಗ ಹೋಗುತ್ತಿತ್ತು. ಕಡೆಗೆ ಗರ್ನಾಲು ಸಿಡಿದವು. ಧಾರೆ ಮುಗಿಯಿತೆಂದು ನನಗೂ ತಿಳಿಯಿತು. ಅಜ್ಜಯ್ಯ ಬಾಳೆಲೆ ತೆಗೆದು ಗಿಂಡಿಯನ್ನು ನನ್ನ ಬಾಯಿಗೆ ಹಿಡಿದರು. “ಕುಡಿ ಮಗಾ, ಇನ್ನ್ ಒಡ್ದ್ ಹೋತ್ತ್.” ಹಸಿದಿದ್ದೆ, ಕುಡಿದೆ. ಆ ಹಾಲು ಸಿಹಿಯಾಗಿತ್ತೆಂಬುದು ಇಂದಿಗೂ ನನ್ನನ್ನು ತಲೆತಗ್ಗಿಸುವಂತೆ ಮಾಡುತ್ತದೆ.

ಸಂಜೆ ಅಪ್ಪಯ್ಯ ದೋಣಿಯಲ್ಲಿ ಪಾಯಸ, ಹೋಳಿಗೆ ತಂದ. ಜೊತೆಗೆ ಬೀಗರಿಬ್ಬರಿದ್ದರು. ಅವರ ಎದುರಿಗೆ, ಅಜ್ಜಯ್ಯನ ಮುಖ ನೋಡದೆ, “ನೀರ್ ಸಾಲ್ಲಿಲ್ಲ ಅಲ್ದಾ ಅಪ್ಪಯ್ಯ?” ಎಂದು ಕೇಳಿದ.

ನಾಗಪ್ಪ ಬಾಯಿ ತೆರೆದ. ಅಜ್ಜಯ್ಯ ಅವನಿಗಿಂತ ಮೊದಲೇ ಹೇಳಿದರು: “ಹೌದ್, ಸಾಲ್ಲಿಲ್ಲ. ನನ್ನ ಲೆಕ್ಕವೇ ತಪ್ತ್.”

ಪುಸ್ತಿಕೆಯ ವಾಕ್ಯ ಹುಟ್ಟಿದ್ದು ಅಲ್ಲಿ. ಬೀಗರ ಎದುರು ಮಗನ ಮಾನ ಉಳಿಸಲು ಒಬ್ಬ ತಂಡೇಲ ತನಗಿದ್ದ ಒಂದೇ ಹೆಸರನ್ನು ನೀರಿಗೆ ಬಿಟ್ಟ. ಅದನ್ನು ಮನೆಯವರು ಎತ್ತಿಕೊಂಡು ಚರಿತ್ರೆಯೆಂದು ಅಚ್ಚು ಹಾಕಿಸಿದರು. ಆಮೇಲೆ ಅಜ್ಜಯ್ಯ ಹೆಚ್ಚು ದಿನ ಹಡಗು ನಡೆಸಲಿಲ್ಲ. ಮಂಜಿ ಪರರ ಪಾಲಾಯಿತು. ಮನೆ, ಕೊಟ್ಟಿಗೆ, ಜಗಲಿ ಯಾವುದೂ ಈಗಿಲ್ಲ, ಅಪ್ಪಯ್ಯನೂ ಇಲ್ಲ. ಸತ್ತವರ ಮೇಲೆ ದೂರು ಹೇಳಬಾರದೆಂದು ನೆಂಟರು ನನ್ನನ್ನು ಗದರಿಸುತ್ತಾರೆ. ಅಜ್ಜಯ್ಯನೂ ಸತ್ತವರೇ ಅಲ್ಲವೆ?

ನನ್ನ ಮಾತನ್ನು ಯಾರೂ ಹಾಗೆಯೇ ನಂಬಬೇಕಾಗಿಲ್ಲ. ಗಿರಿಜತ್ತೆಯ ಮದುವೆಯ ಕರೆಯೋಲೆ ಅವಳ ಮಗಳ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ತಿಥಿ ವೈಶಾಖದ ಹುಣ್ಣಿಮೆ, ಮುಹೂರ್ತ ಮಧ್ಯಾಹ್ನಕ್ಕೆ ತುಸು ಮೊದಲು. ನಮ್ಮ ಕಡಲಲ್ಲಿ ಹುಣ್ಣಿಮೆಯ ಭರತ ತುಂಬುವುದು ಯಾವಾಗಲೂ ಆ ಹೊತ್ತಿಗೇ. ಸಂಶಯವಿದ್ದವರು ಯಾವುದಾದರೂ ಹುಣ್ಣಿಮೆಯ ದಿನ ಅದೇ ಹೊತ್ತಿಗೆ ಹಂಗಾರಕಟ್ಟೆಗೆ ಹೋಗಿ ನಿಲ್ಲಲಿ. ಅಳಿವೆ ದಡದಿಂದ ದಡಕ್ಕೆ ತುಂಬಿ, ಹರಿಯುವುದನ್ನೂ ಮರೆತು, ಯಾರನ್ನೋ ಒಳಗೆ ಕರೆಯಲೆಂಬಂತೆ ನಿಂತಿರುತ್ತದೆ.